ಸಂಬಳದ ಚೀಟಿ ಓದಲು ಬಂದರೆ ಎಂಬಿಎ ಎಚ್‌ಆರ್ ಅರ್ಧ ಬಂದಂತೆ

ಎಂಬಿಎ ಎರಡನೇ ವರ್ಷಕ್ಕೆ ಕಾಲಿಡುವಾಗ ಸ್ಪೆಷಲೈಸೇಷನ್ ಆರಿಸಿಕೊಳ್ಳಬೇಕು. ಆಗ ತರಗತಿಗಳಲ್ಲಿ ಓಡಾಡುವ ಮಾತು ಹೆಚ್ಚುಕಡಿಮೆ ಎಲ್ಲ ಕಾಲೇಜಿನಲ್ಲೂ ಒಂದೇ. ಲೆಕ್ಕ ಬಂದವರಿಗೆ ಫೈನಾನ್ಸ್, ಊರೂರು ತಿರುಗುವವರಿಗೆ ಮಾರ್ಕೆಟಿಂಗ್, ನಾಲ್ಕು ಜನರ ಜತೆ ನಗುನಗುತ್ತಾ ಮಾತಾಡಲು ಬಂದರೆ ಎಚ್‌ಆರ್ (ಮಾನವ ಸಂಪನ್ಮೂಲ). ಈ ಮಾತು ನಂಬಿ ಬಂದವರು ಕೆಲಸಕ್ಕೆ ಸೇರಿದ ಮೊದಲ ತಿಂಗಳ 25ನೇ ತಾರೀಕಿಗೇ ಕಂಗಾಲಾಗುತ್ತಾರೆ. ಅಂದು ಸಂಬಳದ ಲೆಕ್ಕ ಮುಗಿಸಬೇಕು. ಮುನ್ನೂರು ಜನರ ಹಾಜರಿ ಮುಂದಿರುತ್ತದೆ, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ವಂತಿಗೆ ಯಾರಿಗೆ ಹಿಡಿಯಬೇಕು, ಯಾರಿಗೆ ಬಿಡಬೇಕು ಎಂಬುದು ಗೊತ್ತಿರುವುದಿಲ್ಲ.

ಮಾನವ ಸಂಪನ್ಮೂಲ ನಿರ್ವಹಣೆ ಎಂದರೆ ಮೊದಲು ಅಂಕಗಣಿತ, ಆಮೇಲೆ ಕಾನೂನು, ಆಮೇಲೆ ಕಾಗದಪತ್ರ. ಮಾತುಗಾರಿಕೆ ಇವು ಮೂರರ ಮೇಲೆ ನಿಲ್ಲುವ ಕೆಲಸ. ಇದನ್ನು ಅರ್ಥ ಮಾಡಿಕೊಳ್ಳಲು ದಪ್ಪ ಪುಸ್ತಕ ಬೇಡ, ಒಂದು ಸಂಬಳದ ಚೀಟಿ ಸಾಕು.

ತಿಂಗಳಿಗೆ 30,000 ರೂಪಾಯಿ ಗ್ರಾಸ್ (ಕಡಿತಕ್ಕೆ ಮುಂಚಿನ) ಸಂಬಳದ ಒಬ್ಬ ಉದ್ಯೋಗಿಯನ್ನು ತೆಗೆದುಕೊಳ್ಳಿ. ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 15,000, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) 6,000, ಉಳಿದ ಭತ್ಯೆಗಳು 9,000. ಬೇಸಿಕ್ ಮತ್ತು ಡಿಎ ಮೇಲೆ ಶೇ 12ರಂತೆ ಪಿಎಫ್ (ಭವಿಷ್ಯ ನಿಧಿ) 1,800 ಕಡಿತ. ಕರ್ನಾಟಕದಲ್ಲಿ 25,000 ಮತ್ತು ಮೇಲ್ಪಟ್ಟ ಸಂಬಳಕ್ಕೆ ವೃತ್ತಿ ತೆರಿಗೆ ತಿಂಗಳಿಗೆ 200, ಫೆಬ್ರುವರಿಯಲ್ಲಿ ಮಾತ್ರ 300. ಕೈಗೆ ಬರುವುದು 28,000. ಇಲ್ಲಿಯವರೆಗೆ ಯಾರಿಗೂ ಗೊಂದಲವಿಲ್ಲ.

ಚೀಟಿಯಲ್ಲಿ ಕಾಣದ ಭಾಗ ಇನ್ನೊಂದಿದೆ. ಮಾಲೀಕರೂ ಪಿಎಫ್‌ಗೆ 1,800 ಕಟ್ಟಬೇಕು. ಅದು ಪೂರ್ತಿ ಉದ್ಯೋಗಿಯ ಪಿಎಫ್ ಖಾತೆಗೆ ಹೋಗುವುದಿಲ್ಲ. ಶೇ 8.33, ಅಂದರೆ 15,000ದ ಮಿತಿಯಲ್ಲಿ 1,250 ರೂಪಾಯಿ, ಪಿಂಚಣಿ ಯೋಜನೆಗೆ ಹೋಗುತ್ತದೆ. ಖಾತೆಗೆ ಬೀಳುವುದು 550 ಮಾತ್ರ. ಇದರ ಜತೆಗೆ ವಿಮೆ ಮತ್ತು ಆಡಳಿತ ಶುಲ್ಕವೆಂದು ಅರ್ಧರ್ಧ ಶೇಕಡಾ, ಒಟ್ಟು 150. ಗ್ರ್ಯಾಚುಟಿಗಾಗಿ (ಕೆಲಸ ಬಿಡುವಾಗ ಸೇವೆಯ ವರ್ಷ ನೋಡಿ ಕೊಡುವ ಇಡಿಗಂಟು) ತಿಂಗಳಿಗೆ ತೆಗೆದಿಡುವುದು ಬೇಸಿಕ್‌ನ ಶೇ 4.81, ಅಂದರೆ 721. 30,000ಕ್ಕೆ ಇವೆಲ್ಲ ಕೂಡಿದರೆ 32,671. ಹನ್ನೆರಡರಿಂದ ಗುಣಿಸಿ: 3,92,052. ಕ್ಯಾಂಪಸ್ಸಿನಲ್ಲಿ ‘3.9 ಲಕ್ಷದ ಪ್ಯಾಕೇಜ್’ ಎಂದು ಹೇಳಿ ಸೇರಿಸಿಕೊಳ್ಳುವುದು ಇದನ್ನೇ. ಹುಡುಗ ಮನೆಯಲ್ಲಿ ತಿಂಗಳಿಗೆ ಮೂವತ್ತೆರಡೂವರೆ ಸಾವಿರ ಎಂದು ಹೇಳಿರುತ್ತಾನೆ, ಖಾತೆಗೆ 28,000 ಬಂದಾಗ ಮೋಸವಾಯಿತೆಂದು ಎಚ್‌ಆರ್ ಕ್ಯಾಬಿನ್‌ಗೆ ಬರುತ್ತಾನೆ. ಆಗ ಈ ಲೆಕ್ಕವನ್ನು ಎರಡು ನಿಮಿಷದಲ್ಲಿ ಕಾಗದದ ಮೇಲೆ ಬರೆದು ತೋರಿಸುವವರೇ ಆ ಕೆಲಸಕ್ಕೆ ತಕ್ಕವರು.

ಆ 4.81 ಎಲ್ಲಿಂದ ಬಂತು ಎಂದು ವೈವಾದಲ್ಲಿ ಕೇಳಿದರೆ ಬಹುತೇಕರು ತಡವರಿಸುತ್ತಾರೆ. ಗ್ರ್ಯಾಚುಟಿ ಸೂತ್ರ ಹೀಗಿದೆ: ಕೊನೆಯ ಬೇಸಿಕ್ ಮತ್ತು ಡಿಎ, ಗುಣಿಸು 15, ಭಾಗಿಸು 26, ಗುಣಿಸು ಸೇವೆಯ ವರ್ಷಗಳು. 15ನ್ನು 26ರಿಂದ ಭಾಗಿಸಿ, ಮತ್ತೆ 12 ತಿಂಗಳಿಗೆ ಹಂಚಿದರೆ ಶೇ 4.81. ವಾರದ ರಜೆ ಕಳೆದು ತಿಂಗಳಿಗೆ 26 ಕೆಲಸದ ದಿನ ಎಂಬುದು ಇದರ ಹಿಂದಿನ ತರ್ಕ. ಅಭ್ಯಾಸಬಲದಿಂದ 30ರಿಂದ ಭಾಗಿಸುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. 15,000 ಬೇಸಿಕ್‌ನ ಒಬ್ಬರು 7 ವರ್ಷ 8 ತಿಂಗಳು ದುಡಿದು ಬಿಟ್ಟರೆಂದುಕೊಳ್ಳಿ. ಆರು ತಿಂಗಳು ಮೀರಿದ ಭಾಗವನ್ನು ಇಡೀ ವರ್ಷವೆಂದು ಎಣಿಸಬೇಕು, ಹಾಗಾಗಿ 8 ವರ್ಷ. ಸರಿಯಾದ ಮೊತ್ತ 69,231. ಮೂವತ್ತರಿಂದ ಭಾಗಿಸಿದರೆ 60,000. ಒಂಬತ್ತು ಸಾವಿರಕ್ಕೂ ಮಿಕ್ಕಿದ ಈ ವ್ಯತ್ಯಾಸ ಒಬ್ಬರ ಪರೀಕ್ಷೆಯಲ್ಲಿ ಎರಡು ಅಂಕ, ಇನ್ನೊಬ್ಬರ ಬದುಕಿನಲ್ಲಿ ಮಗಳ ಕಾಲೇಜು ಫೀಸು.

ಇಎಸ್‌ಐನಲ್ಲೂ ಇಂಥದೇ ಒಂದು ಗಂಟು ಇದೆ. ಸಂಬಳದ ಮಿತಿ 21,000. ಉದ್ಯೋಗಿಯ ಪಾಲು ಶೇ 0.75, ಮಾಲೀಕರದು ಶೇ 3.25. 20,500 ಇದ್ದವರಿಗೆ ಜುಲೈನಲ್ಲಿ ಸಂಬಳ ಏರಿ 22,000 ಆಯಿತು. ಮಿತಿ ದಾಟಿತಲ್ಲ ಎಂದು ಆಗಸ್ಟ್‌ನಿಂದ ಕಡಿತ ನಿಲ್ಲಿಸುವುದು ಹೊಸಬರ ತಪ್ಪು. ವಂತಿಗೆ ಅವಧಿಗಳು ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ಆರಂಭದಲ್ಲಿ ಒಳಗಿದ್ದವರು ಸೆಪ್ಟೆಂಬರ್ 30ರವರೆಗೂ ಒಳಗೇ ಇರುತ್ತಾರೆ, ಅದೂ 22,000ದ ಮೇಲೆ: ಉದ್ಯೋಗಿಯಿಂದ 165, ಕಂಪನಿಯಿಂದ 715. ಓಟಿ (ಹೆಚ್ಚುವರಿ ಗಂಟೆಗಳ ದುಡಿಮೆ) ಹಣದ್ದು ಇನ್ನೂ ವಿಚಿತ್ರ. ಮಿತಿ ನೋಡುವಾಗ ಅದನ್ನು ಸೇರಿಸಬಾರದು, ವಂತಿಗೆ ಹಿಡಿಯುವಾಗ ಸೇರಿಸಬೇಕು. ಇಷ್ಟನ್ನು ಒಮ್ಮೆ ಕೈಯಾರೆ ಲೆಕ್ಕ ಹಾಕಿದವರು ಮರೆಯುವುದಿಲ್ಲ.

ಈ ಕೆಲವು ನೂರು ರೂಪಾಯಿಗಳಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎನ್ನುವವರು 2016ರ ಏಪ್ರಿಲ್‌ನ ಬೆಂಗಳೂರನ್ನು ನೆನೆಯಬೇಕು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಹೆಚ್ಚಿನವರು ಹೆಣ್ಣುಮಕ್ಕಳು, ರಸ್ತೆಗಿಳಿದರು. ಎರಡನೇ ದಿನಕ್ಕೆ ನಿಯಮ ವಾಪಸಾಯಿತು. ಕಂಪನಿಯ ಲೆಕ್ಕದಲ್ಲಿ ಪಿಎಫ್ ಒಂದು ಕಾಲಂ, ಹೊಲಿಗೆ ಮೆಷಿನ್ ಮುಂದೆ ಕೂತವರಿಗೆ ಅದು ಕಷ್ಟಕಾಲಕ್ಕೆಂದು ಇಟ್ಟ ಗಂಟು.

ಎಂಬಿಎಯ ಕಾರ್ಮಿಕ ಕಾನೂನಿನ ಪಠ್ಯ ವಿಷಯ ಈಗ ಸ್ವಲ್ಪ ಇಕ್ಕಟ್ಟಿನಲ್ಲಿದೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಹಳೆಯ 29 ಕಾಯ್ದೆಗಳನ್ನು ತಮ್ಮೊಳಗೆ ಸೇರಿಸಿಕೊಂಡವು. ಗ್ರಂಥಾಲಯದಲ್ಲಿರುವ ಪುಸ್ತಕ, ಸೀನಿಯರ್ ಕೊಟ್ಟ ನೋಟ್ಸ್, ಹಿಂದಿನ ಪ್ರಶ್ನೆಪತ್ರಿಕೆ ಎಲ್ಲವೂ 1947, 1948, 1965, 1972ರ ಕಾಯ್ದೆಗಳ ಹೆಸರಲ್ಲೇ ಇವೆ. ಹಳೆಯದನ್ನು ಬಿಡುವಂತಿಲ್ಲ. ಇಷ್ಟು ವರ್ಷಗಳ ಕೋರ್ಟ್ ತೀರ್ಪುಗಳೆಲ್ಲ ಅದರ ಮೇಲೆಯೇ ನಿಂತಿವೆ, ಪರಿಕಲ್ಪನೆಗಳೂ ಬಹುಪಾಲು ಅವೇ. ಹಾಗಾಗಿ ಓದುವಾಗ ನೋಟ್ಸ್ ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ಹಳೆಯ ಕಾಯ್ದೆ ಹೇಳುವ ಅಂಕಿ, ಬಲಕ್ಕೆ ಸಂಹಿತೆ ಹೇಳುವ ಅಂಕಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಕಾರ್ಮಿಕರ ಹಿತ ನೋಡಿಕೊಳ್ಳುವ ಕಲ್ಯಾಣಾಧಿಕಾರಿ ಕಡ್ಡಾಯವಾಗುವುದು: ಎಡಕ್ಕೆ 500 ಕಾರ್ಮಿಕರು, ಬಲಕ್ಕೆ 250. ಕ್ಯಾಂಟೀನ್: 250, ಈಗ 100. ಕಾರ್ಖಾನೆ ಮುಚ್ಚಲು ಅಥವಾ ಜನರನ್ನು ತೆಗೆಯಲು ಸರ್ಕಾರದ ಮುಂಗಡ ಅನುಮತಿ: 100 ಇದ್ದದ್ದು 300. ನಿಗದಿತ ಅವಧಿಗೆ ನೇಮಕವಾದವರ ಗ್ರ್ಯಾಚುಟಿಗೆ ಬೇಕಾದ ಸೇವೆ: ಐದು ವರ್ಷ ಇದ್ದದ್ದು ಒಂದು ವರ್ಷ. ಮೊದಲೆರಡೂ ಕೊನೆಯದೂ ಕಾರ್ಮಿಕರ ಕಡೆಗೆ ವಾಲಿವೆ, ಮೂರನೆಯದು ಮಾಲೀಕರ ಕಡೆಗೆ. ಯಾವುದು ಯಾರ ಕಡೆ ಎಂದು ಹೇಳಬಲ್ಲವರೇ ಸಂದರ್ಶನದಲ್ಲಿ ಗಮನ ಸೆಳೆಯುತ್ತಾರೆ.

ಇವೆಲ್ಲದರಲ್ಲಿ ಸಂಬಳದ ಚೀಟಿಗೆ ನೇರವಾಗಿ ಕೈ ಹಾಕಿದ್ದು ‘ವೇತನ’ದ ಹೊಸ ವ್ಯಾಖ್ಯೆ. ಪಿಎಫ್ ಉಳಿಸಲೆಂದು ಬೇಸಿಕ್ ಅನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ ಮಿಕ್ಕಿದ್ದನ್ನು ನಾನಾ ಭತ್ಯೆಗಳಿಗೆ ಹಂಚುವುದು ಹಳೆಯ ಚಾಳಿ. ಈಗ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟನ್ನು ಮತ್ತೆ ವೇತನಕ್ಕೆ ಸೇರಿಸಬೇಕು. ಒಟ್ಟು 30,000ದಲ್ಲಿ ಬೇಸಿಕ್ 10,000 ಎಂದು ಬರೆದಿದ್ದರೂ ಲೆಕ್ಕಕ್ಕೆ ಸಿಗುವುದು 15,000. ಕೆಲಸ ಬಿಟ್ಟವರ ಬಾಕಿ ವೇತನ ಎರಡು ಕೆಲಸದ ದಿನಗಳಲ್ಲಿ ತೀರಬೇಕು ಎಂಬುದು ಇನ್ನೊಂದು ಬದಲಾವಣೆ. ‘ಫುಲ್ ಅಂಡ್ ಫೈನಲ್ 45 ದಿನ’ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ ಎಚ್‌ಆರ್ ವಿಭಾಗಗಳಿಗೆ ಇದು ನುಂಗಲಾರದ ತುತ್ತು. ಲ್ಯಾಪ್‌ಟಾಪ್ ವಾಪಸಾಗಬೇಕು, ರಜೆ ಲೆಕ್ಕ ಮುಗಿಯಬೇಕು, ಸಾಲ ಕಳೆಯಬೇಕು, ಇದೆಲ್ಲ ಈಗ ನೋಟಿಸ್ ಅವಧಿಯೊಳಗೇ ಆಗಬೇಕು.

ಎಚ್‌ಆರ್ ವಿಭಾಗ ಹಿಂದುಳಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಿಲ್ಲ, ಕೋಲಾರ ಜಿಲ್ಲೆಯ ನರಸಾಪುರ ಸಾಕು. 2020ರ ಡಿಸೆಂಬರ್ 12ರ ಬೆಳಗ್ಗೆ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ ಸಂಬಳದ ವಿಷಯಕ್ಕೆ ಸಿಟ್ಟಾದ ಕಾರ್ಮಿಕರು ಗಾಜು ಒಡೆದು, ವಾಹನಗಳಿಗೆ ಬೆಂಕಿ ಹಚ್ಚಿದರು. ನೂರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ಟಿವಿಯಲ್ಲಿ ಬಂದದ್ದು ಬೆಂಕಿ. ಎಚ್‌ಆರ್ ವಿದ್ಯಾರ್ಥಿ ಓದಬೇಕಾದದ್ದು ರಾಜ್ಯದ ಕಾರ್ಖಾನೆಗಳ ಇಲಾಖೆಯ ಪ್ರಾಥಮಿಕ ವರದಿಯ ಸಾರ. ಐದು ಸಾವಿರ ಇದ್ದ ಜನ ಅಲ್ಪ ಅವಧಿಯಲ್ಲಿ ಹತ್ತೂವರೆ ಸಾವಿರಕ್ಕೆ ಏರಿದ್ದರು. ಅದಕ್ಕೆ ತಕ್ಕಂತೆ ಕಾರ್ಮಿಕ ಕಾನೂನು ಬಲ್ಲವರಿರುವ ಎಚ್‌ಆರ್ ವಿಭಾಗ ಬೆಳೆದಿರಲಿಲ್ಲ. ಅಕ್ಟೋಬರ್‌ನಲ್ಲಿ ಪಾಳಿ ಹನ್ನೆರಡು ಗಂಟೆಗೆ ಬದಲಾಯಿತು, ಹಾಜರಿ ದಾಖಲಿಸುವ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಕೆಲವರಿಗೆ ಅಕ್ಟೋಬರ್, ನವೆಂಬರ್ ಸಂಬಳ ಸರಿಯಾಗಿ ಸಿಗಲಿಲ್ಲವೆಂದು ಆಪಲ್ ಕಂಪನಿಯೇ ಒಪ್ಪಿಕೊಂಡಿತು.

ಇದನ್ನು ಬಿಡಿಸಿ ನೋಡಿ. ಹೆಚ್ಚಿನವರು ಏಜೆನ್ಸಿ ಮೂಲಕ ಬಂದ ಗುತ್ತಿಗೆ ಕಾರ್ಮಿಕರು. ಹಾಜರಿ ದಾಖಲಾಗುವುದು ಕಾರ್ಖಾನೆಯ ಗೇಟಿನಲ್ಲಿ, ಸಂಬಳ ಹಾಕುವುದು ಏಜೆನ್ಸಿ. ನಡುವೆ ಹಾಜರಿ ಫೈಲ್ ಒಂದೆರಡು ಕೈ ದಾಟುತ್ತದೆ. ಪಂಚ್ ಬೀಳದ ದಿನ ಗೈರುಹಾಜರಿ ಎನ್ನಿಸಿಕೊಳ್ಳುತ್ತದೆ. ಆಗಿನ ಕಾಯ್ದೆಯಂತೆ ದಿನಕ್ಕೆ ಒಂಬತ್ತು ಗಂಟೆ ಮೀರಿದ ದುಡಿಮೆಗೆ ಎರಡು ಪಟ್ಟು ದರದ ಓಟಿ ಬರಬೇಕಿತ್ತು, ಗಂಟೆಗಳೇ ದಾಖಲಾಗದಿದ್ದರೆ ಓಟಿ ಎಲ್ಲಿಂದ ಬಂದೀತು? ಕಾರ್ಮಿಕ ಕೇಳಲು ಹೋದರೆ ಕಾರ್ಖಾನೆಯವರು ‘ನಿಮ್ಮ ಏಜೆನ್ಸಿ ಕೇಳಿ’ ಎನ್ನುವುದು, ಏಜೆನ್ಸಿಯವರು ‘ಕಂಪನಿ ಕೊಟ್ಟ ಹಾಜರಿಯೇ ಇಷ್ಟು’ ಎನ್ನುವುದು ಇಂಥ ಏರ್ಪಾಡಿನಲ್ಲಿ ಮಾಮೂಲು. ಒಂದು ತಿಂಗಳಾದರೆ ಜನ ತಡೆದುಕೊಳ್ಳುತ್ತಾರೆ. ಎರಡನೇ ತಿಂಗಳಿಗೆ ಊರಿಗೆ ದುಡ್ಡು ಕಳಿಸಲಾಗದೆ ಸಿಟ್ಟು ಗುಂಪಾಗುತ್ತದೆ. ಜನರ ಸಂಖ್ಯೆ ಏರಿಸುವ ಮೊದಲು ಹಾಜರಿಯಿಂದ ಸಂಬಳದವರೆಗಿನ ಹಾದಿಯನ್ನು ಐವತ್ತು ಜನರ ಮೇಲೆ ಪರೀಕ್ಷಿಸಿ ನೋಡುವುದು, ಸಂಬಳಕ್ಕೆ ಐದು ದಿನ ಮೊದಲೇ ಹಾಜರಿ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿ ತಕರಾರು ಕರೆಯುವುದು: ಬೇಕಾಗಿರುವುದು ಇಂಥ ನೀರಸ ಕೆಲಸಗಳೇ.

ಶಿಸ್ತುಕ್ರಮದ ಪಾಠವನ್ನು ಕಾಲೇಜುಗಳಲ್ಲಿ ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ಅದಕ್ಕೆ ಒಂದು ವಾರ ಕೊಡಬೇಕು. ಆಂತರಿಕ ವಿಚಾರಣೆಯ ಹಂತಗಳು ಗೊತ್ತೇ ಇವೆ: ದೂರು, ಪ್ರಾಥಮಿಕ ಪರಿಶೀಲನೆ, ಆರೋಪ ಪತ್ರ, ಕಾರ್ಮಿಕನ ಉತ್ತರ, ವಿಚಾರಣಾಧಿಕಾರಿಯ ನೇಮಕ, ಸಾಕ್ಷಿ ಮತ್ತು ಪಾಟೀಸವಾಲು, ವರದಿ, ಆದೇಶ. ಆದರೆ ಪ್ರಕರಣಗಳು ಕಾರ್ಮಿಕ ನ್ಯಾಯಾಲಯದಲ್ಲಿ ಬಿದ್ದುಹೋಗುವುದು ಸಣ್ಣ ಸಂಗತಿಗಳಿಂದ. ಆರೋಪ ಪತ್ರಕ್ಕೆ ಸಹಿ ಹಾಕಿದವರೇ ವಿಚಾರಣಾಧಿಕಾರಿಯಾಗಿ ಕೂರುವುದು. ‘ಮೇಲ್ವಿಚಾರಕರ ಜತೆ ಅಸಭ್ಯವಾಗಿ ವರ್ತಿಸಿದ್ದೀರಿ’ ಎಂದಷ್ಟೇ ಬರೆದು ದಿನ, ಹೊತ್ತು, ಜಾಗ, ಆಡಿದ ಮಾತು ಯಾವುದನ್ನೂ ಹೇಳದಿರುವುದು. ಕನ್ನಡವಷ್ಟೇ ಓದಬಲ್ಲ ಕಾರ್ಮಿಕನಿಗೆ ಇಂಗ್ಲಿಷಿನಲ್ಲಿ ನಾಲ್ಕು ಪುಟದ ಆರೋಪ ಪತ್ರ ಕೊಟ್ಟು ಸಹಿ ಹಾಕಿಸಿಕೊಳ್ಳುವುದು. ತನ್ನ ಮೇಲೆ ಏನು ಆರೋಪ ಎಂದೇ ಅವನಿಗೆ ತಿಳಿಯದಿದ್ದ ಮೇಲೆ ವಿಚಾರಣೆ ನ್ಯಾಯವಾಗಿತ್ತು ಎಂದು ಯಾರೂ ವಾದಿಸಲಾರರು. ಅಮಾನತಿನಲ್ಲಿಟ್ಟವರಿಗೆ ಮೊದಲ 90 ದಿನ ಅರ್ಧ ವೇತನ, ವಿಳಂಬಕ್ಕೆ ಅವರು ಕಾರಣವಲ್ಲದಿದ್ದರೆ ಆಮೇಲೆ ಮುಕ್ಕಾಲು ವೇತನ ಜೀವನಾಂಶ ಭತ್ಯೆಯಾಗಿ ಕೊಡಬೇಕೆಂಬುದನ್ನು ಮರೆಯುವವರೂ ಉಂಟು.

ಇಲ್ಲೇ ಕನ್ನಡದ ಹುಡುಗ ಹುಡುಗಿಯರಿಗೆ ಒಂದು ಮೇಲುಗೈ ಇದೆ. ಬಿಡದಿ, ಪೀಣ್ಯ, ನಂಜನಗೂಡು, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ, ಎಲ್ಲೇ ಹೋದರೂ ಯಂತ್ರದ ಮುಂದೆ ನಿಂತವರೊಡನೆ ಕನ್ನಡದಲ್ಲಿ ಮಾತಾಡಿ, ಅದನ್ನೇ ಕಾನೂನಿಗೆ ನಿಲ್ಲುವ ಕನ್ನಡದಲ್ಲಿ ಬರೆಯಬಲ್ಲವರು ಬೇಕು. ತರಗತಿಯಲ್ಲಿ ಇಂಗ್ಲಿಷಿಗೆ ಹೆದರಿ ಹಿಂದಿನ ಬೆಂಚಿನಲ್ಲಿ ಕೂತವರು ಒಂದು ಆರೋಪ ಪತ್ರ, ಒಂದು ಕಾರಣ ಕೇಳುವ ನೋಟಿಸ್, ಒಂದು ಒಪ್ಪಂದ ಪತ್ರವನ್ನು ಎರಡೂ ಭಾಷೆಯಲ್ಲಿ ಬರೆದು ಅಭ್ಯಾಸ ಮಾಡಲಿ.

ಮೊದಲ ವರ್ಷದ ಸಾಂಸ್ಥಿಕ ವರ್ತನೆಯ ಸಿದ್ಧಾಂತಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಮನುಷ್ಯನ ಅಗತ್ಯಗಳ ಬಗ್ಗೆ ಮ್ಯಾಸ್ಲೋ ಅವರ ಪಿರಮಿಡ್ಡು ಪರೀಕ್ಷೆಗೆ ಬೇಕು. ಹರ್ಜ್‌ಬರ್ಗ್ ಹೇಳಿದ್ದು ಕೆಲಸಕ್ಕೂ ಬರುತ್ತದೆ: ಕ್ಯಾಂಟೀನಿನ ಊಟ, ಸಂಬಳ, ಮೇಲಧಿಕಾರಿಯ ನಡವಳಿಕೆ ಕೆಟ್ಟರೆ ಜನ ಬೇಸರಗೊಳ್ಳುತ್ತಾರೆ, ಆದರೆ ಅವು ಚೆನ್ನಾಗಿದ್ದ ಮಾತ್ರಕ್ಕೆ ಉತ್ಸಾಹದಿಂದ ದುಡಿಯುತ್ತಾರೆಂದೇನಿಲ್ಲ. ಕಾರ್ಯಕ್ಷಮತೆ ಮೌಲ್ಯಮಾಪನದಲ್ಲಿ ‘ಬೆಲ್ ಕರ್ವ್’ (ಉದ್ಯೋಗಿಗಳನ್ನು ನಿಗದಿತ ಶೇಕಡಾವಾರು ದರ್ಜೆಗಳಿಗೆ ಹಂಚುವ ಪದ್ಧತಿ) ಬಗ್ಗೆ ಎರಡು ಪುಟ ಬರೆಯುವವರು ಒಂದು ಸರಳ ಲೆಕ್ಕ ಮಾಡಿ ನೋಡಲಿ. ಆರು ಜನರ ತಂಡದಲ್ಲಿ ಶೇ 10ರಷ್ಟು ಜನರನ್ನು ಕೆಳಗಿನ ದರ್ಜೆಗೆ ಹಾಕಬೇಕೆಂದರೆ 0.6 ಮನುಷ್ಯ ಸಿಗುತ್ತಾನೆ. ದೊಡ್ಡ ಸಂಖ್ಯೆಗೆ ಮಾಡಿದ ಅಳತೆಯನ್ನು ಸಣ್ಣ ತಂಡಕ್ಕೆ ತೊಡಿಸಿದರೆ ಮ್ಯಾನೇಜರ್ ಯಾರನ್ನಾದರೂ ಬಲಿ ಕೊಡಲೇಬೇಕಾಗುತ್ತದೆ.

ನೇಮಕಾತಿಯ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕಬೇಕು. ಇಪ್ಪತ್ತು ಜನ ಸೇರಬೇಕು. ಆಫರ್ ಪಡೆದ ನೂರರಲ್ಲಿ ಎಪ್ಪತ್ತು ಜನ ಸೇರುತ್ತಾರೆಂದಿಟ್ಟುಕೊಂಡರೆ 29 ಆಫರ್ ಬೇಕು. ನಾಲ್ಕು ಸಂದರ್ಶನಕ್ಕೆ ಒಂದು ಆಫರ್ ಎಂದರೆ 116 ಸಂದರ್ಶನ. ಕರೆದವರಲ್ಲಿ ಅರ್ಧ ಬರುತ್ತಾರೆಂದರೆ 232 ಜನರಿಗೆ ಫೋನ್. ಹೊಸ ರಿಕ್ರೂಟರ್‌ಗಳು ಎಡವುವುದು ಮೊದಲಿಂದ ಲೆಕ್ಕ ಹಾಕಿ: ಅರವತ್ತು ರೆಸ್ಯೂಮೆ ಸಿಕ್ಕಿತು, ಇಪ್ಪತ್ತು ಜನ ಸಿಕ್ಕಂತೆಯೇ ಎಂದುಕೊಂಡು. ಕೆಲಸ ಬಿಟ್ಟವರ ಪ್ರಮಾಣ ಹಾಕುವಾಗ ಭಾಗಿಸಬೇಕಾದದ್ದು ಸರಾಸರಿ ಸಂಖ್ಯೆಯಿಂದ. ವರ್ಷದ ಮೊದಲಿಗೆ 400, ಕೊನೆಗೆ 440, ಬಿಟ್ಟವರು 63 ಎಂದರೆ 420ರಿಂದ ಭಾಗಿಸಿ ಶೇ 15. ಅದಕ್ಕಿಂತ ಮುಖ್ಯ, ಆ 63ರಲ್ಲಿ ಸೇರಿದ ಮೂರು ತಿಂಗಳೊಳಗೆ ಬಿಟ್ಟವರು ಎಷ್ಟು ಎಂದು ಬೇರೆ ಮಾಡಿ ನೋಡುವುದು. ಹತ್ತು ವರ್ಷ ಇದ್ದವರು ಬಿಟ್ಟರೆ ಕಾರಣ ಬೇರೆ. ಮೂರೇ ತಿಂಗಳಿಗೆ ಬಿಟ್ಟರೆ ನೇಮಕಾತಿಯಲ್ಲಿ ಹೇಳಿದ ಕೆಲಸವೂ ಕೊಟ್ಟ ಕೆಲಸವೂ ಒಂದೇ ಆಗಿತ್ತೇ ಎಂದು ಮೊದಲು ವಿಚಾರಿಸಬೇಕು.

ಪ್ರಾಜೆಕ್ಟ್ ವಿಷಯಕ್ಕೆ ಬಂದರೆ, ‘ಉದ್ಯೋಗಿ ತೃಪ್ತಿಯ ಅಧ್ಯಯನ’ ಎಂಬ ಶೀರ್ಷಿಕೆ ಕಾಲೇಜಿನ ಕಪಾಟಿನಲ್ಲಿ ಹತ್ತಾರು ಪ್ರತಿ ಇರುತ್ತದೆ. ನೂರು ಪ್ರಶ್ನಾವಳಿ, ಐದು ಅಂಕದ ಅಳತೆ, ಬಣ್ಣದ ಪೈ ಚಾರ್ಟು. ಫಾರಂ ಹಂಚಿದ್ದು ಎಚ್‌ಆರ್ ಮ್ಯಾನೇಜರ್ ಆದ್ದರಿಂದ ಎಲ್ಲರೂ 4ಕ್ಕೆ ಟಿಕ್ ಹಾಕಿರುತ್ತಾರೆ, ‘ಒಟ್ಟಾರೆ ತೃಪ್ತಿಕರ’ ಎಂದು ಮುಗಿಯುತ್ತದೆ. ಇದರ ಬದಲು ಕೈಗೆ ಸಿಗುವ ಒಂದು ಅಂಕಿ ಹಿಡಿಯಿರಿ. ಗೈರುಹಾಜರಿ ಒಳ್ಳೆಯ ವಿಷಯ. ಒಂದೇ ವಿಭಾಗದ 120 ಕಾರ್ಮಿಕರು, 26 ದಿನ: ಬರಬೇಕಾದ ಮಾನವ ದಿನಗಳು 3,120. ಬಾರದ್ದು 234. ಶೇ 7.5. ಹೆಸರು ತೆಗೆದ ಆರು ತಿಂಗಳ ಹಾಜರಿ ಕೇಳಿ ಪಡೆಯಿರಿ. ಅದನ್ನು ಪಾಳಿವಾರು, ವಾರದ ದಿನವಾರು, ಹಬ್ಬದ ಹಿಂದುಮುಂದು, ಕಂಪನಿ ಬಸ್ಸಿನ ಮಾರ್ಗವಾರು ಒಡೆಯಿರಿ. ಎಕ್ಸೆಲ್‌ನ ಪಿವೋಟ್ ಟೇಬಲ್ ಸಾಕು, ಬೇರೆ ಸಾಫ್ಟ್‌ವೇರ್ ಬೇಡ. ಒಂದು ಬಸ್ಸಿನವರದೇ ಗೈರು ಹೆಚ್ಚೆಂದು ಕಂಡರೆ, ಅದೇ ಬಸ್ಸು ಹತ್ತಿ ಒಂದು ದಿನ ಬೆಳಗಿನ ಪಾಳಿಗೆ ಬನ್ನಿ. ಎಚ್ಚರ ಎರಡು ಕಡೆ ಬೇಕು. ಇಎಸ್‌ಐ ರಜೆಯನ್ನೂ, ಬದಲಾಯಿಸಿಕೊಂಡ ವಾರದ ರಜೆಯನ್ನೂ ಗೈರು ಎಂದು ಎಣಿಸಿಬಿಟ್ಟರೆ ಅಂಕಿ ಕೆಡುತ್ತದೆ. ಬಸ್ಸು ಮತ್ತು ಗೈರು ಜತೆಗಿವೆ ಎಂದಾಕ್ಷಣ ಬಸ್ಸೇ ಕಾರಣ ಎನ್ನಲಾಗದು, ಆ ಮಾರ್ಗದವರೆಲ್ಲ ಒಂದೇ ಕಟು ಸೂಪರ್‌ವೈಸರ್ ಕೈಕೆಳಗೆ ಇರಬಹುದು.

ಎಲ್ಲಿ ಓದುವುದು? ದೇಶದಲ್ಲಿ ಈ ವಿಷಯಕ್ಕೆ ಮೊದಲು ಬಾಯಿಗೆ ಬರುವ ಹೆಸರುಗಳು ಮುಂಬೈಯ 1936ರ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಮತ್ತು ಜಮ್ಶೆಡ್‌ಪುರದ 1949ರ ಎಕ್ಸ್‌ಎಲ್‌ಆರ್‌ಐ. ಕರ್ನಾಟಕದೊಳಗೆ ಸರ್ಕಾರಿ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ ಪ್ರವೇಶ ಪರೀಕ್ಷೆ. ಪದವಿಯಲ್ಲಿ ಸಾಮಾನ್ಯವಾಗಿ ಶೇ 50, ಮೀಸಲು ವರ್ಗಕ್ಕೆ ಶೇ 45 ಅಂಕ ಬೇಕು. ಮೈಸೂರು ವಿಶ್ವವಿದ್ಯಾಲಯದ ಬಿ.ಎನ್. ಬಹದ್ದೂರ್ ಸಂಸ್ಥೆ, ಧಾರವಾಡದ ಕೌಸಾಳಿ ಸಂಸ್ಥೆಯಂಥ ಹಳೆಯ ವಿಭಾಗಗಳಲ್ಲಿ ಖರ್ಚು ಖಾಸಗಿಗಿಂತ ಬಹಳ ಕಡಿಮೆ. ಕಾರ್ಖಾನೆ ಕಡೆಯೇ ಹೋಗಬೇಕೆಂದಿದ್ದರೆ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಹಾದಿಯನ್ನೂ ತೂಗಿ ನೋಡಿ. 1931ರ ರಾಯಲ್ ಕಮಿಷನ್ ವರದಿ ಲೇಬರ್ ಆಫೀಸರ್ ಬೇಕೆಂದು ಹೇಳಿದ ದಿನದಿಂದ ಕಲ್ಯಾಣಾಧಿಕಾರಿ ಹುದ್ದೆ ಸಮಾಜಕಾರ್ಯದ ನಂಟು ಬಿಟ್ಟಿಲ್ಲ. ಇಂದಿಗೂ ಆ ಹುದ್ದೆಯ ಜಾಹೀರಾತುಗಳಲ್ಲಿ ಎಂಎಸ್‌ಡಬ್ಲ್ಯೂ ಎಂದೇ ಕೇಳುವುದುಂಟು. ಐಟಿ ಕಂಪನಿ, ನೇಮಕಾತಿ, ತರಬೇತಿ, ಸಂಬಳ ವಿನ್ಯಾಸ ಇವಕ್ಕೆಲ್ಲ ಎಂಬಿಎ ಸರಿ.

ಕಾಲೇಜು ನೋಡಲು ಹೋದಾಗ ಪ್ಲೇಸ್‌ಮೆಂಟ್ ಬ್ರೋಷರ್ ಆಮೇಲೆ ಓದಬಹುದು. ಕೊನೆಯ ಸೆಮಿಸ್ಟರ್‌ನ ಎಚ್‌ಆರ್ ವಿದ್ಯಾರ್ಥಿ ಒಬ್ಬರನ್ನು ಕ್ಯಾಂಟೀನಿನಲ್ಲಿ ಕೂರಿಸಿಕೊಂಡು ಮೂರು ಸಂಗತಿ ಕೇಳಿ. ಕಾರ್ಮಿಕ ಕಾನೂನು ಪಾಠ ಮಾಡುವವರು ಎಂದಾದರೂ ಕಾರ್ಖಾನೆಯಲ್ಲೋ ಕೋರ್ಟಿನಲ್ಲೋ ಕೆಲಸ ಮಾಡಿದ್ದಾರೆಯೇ? ಸಂಹಿತೆಗಳನ್ನು ಪಾಠದಲ್ಲಿ ಸೇರಿಸಿದ್ದಾರೆಯೇ? ಎರಡು ವರ್ಷದಲ್ಲಿ ಒಂದು ತಿಂಗಳ ಪೂರ್ತಿ ಸಂಬಳದ ಲೆಕ್ಕವನ್ನು ನಿಮ್ಮ ಕೈಯಿಂದ ಮಾಡಿಸಿದ್ದಾರೆಯೇ? ಮೂರನೆಯದಕ್ಕೆ ‘ಇಲ್ಲ’ ಎಂದರೆ ಎಲ್ಲಿಂದಾದರೂ ಒಂದು ಹಾಜರಿ ಪಟ್ಟಿ ಹೊಂದಿಸಿಕೊಂಡು ಮನೆಯಲ್ಲೇ ಮಾಡಲು ಕೂರಿ. ಮೊದಲ ಸಲ ಪಿಎಫ್ ತಾಳೆಯಾಗುವುದಿಲ್ಲ. ಒಂದು ರೂಪಾಯಿಯ ವ್ಯತ್ಯಾಸ ಎಲ್ಲೋ ಇರುತ್ತದೆ, ಹೆಚ್ಚಾಗಿ ಪಿಂಚಣಿಯ ಆ 1,249.50ನ್ನು ರೌಂಡ್ ಮಾಡಿದ ಕಡೆ.